ಹೆಸರು ಮುಚ್ಚಿದ ರೆಕಾರ್ಡು

“ಕಳ್ಳ ಚೀಲ ಬಿಟ್ಟು ಹೋಗಿದಾನಲ್ಲ ನೆವಿಲ್, ಅದೇ ನನಗೆ ಸರಿಬರ್ತಿಲ್ಲ,” ಅಂದಳು ಬೆರಿಲ್ ಕಾರ್ಟ್ಲಿಜ್.

ಕೌಂಟರಿನ ಮೇಲೆ ಒಂದು ಕಂದು ಕಾಗದದ ಚೀಲ ಬಿದ್ದಿತ್ತು. ಅಂಚು ಸವೆದು ಹಳೆಯ ಕರವಸ್ತ್ರದಂತೆ ಮೆತ್ತಗಾಗಿತ್ತು. ಮೇಲೆ ನೀಲಿ ಶಾಯಿಯ ದಪ್ಪ ಅಕ್ಷರ: ‘ಲೋಲಾ ಫ್ರಾಸ್ಟ್. ಮುಟ್ಟಿದರೆ ಕೈ ಮುರೀತೀನಿ. ರೇ.’ ಒಳಗೆ ಏನೂ ಇರಲಿಲ್ಲ.

ಮಂಗಳವಾರ ಸಂಜೆ ಚೀಲದೊಳಗಿದ್ದ ರೆಕಾರ್ಡು ಬುಧವಾರ ಬೆಳಿಗ್ಗೆ ಇರಲಿಲ್ಲ. ಬೀಗ ಮುರಿದಿರಲಿಲ್ಲ, ಗಾಜು ಒಡೆದಿರಲಿಲ್ಲ. ಇವತ್ತು ಗುರುವಾರ. ಬರುವ ಶನಿವಾರ ಬರ್ಸ್ಲೆಮ್ ಎಂಬ ಇಂಗ್ಲಿಷ್ ಪಿಂಗಾಣಿ ಊರಿನ ‘ಟ್ಯಾಮ್ಸ್ ರೆಕಾರ್ಡ್ಸ್’ ಕೊನೆಯ ಸಲ ಬಾಗಿಲು ಹಾಕುವುದಿತ್ತು.

“ಚೀಲದ ಮಾತು ಬಿಡು,” ಅಂದ ನೆವಿಲ್ ಟ್ಯಾಮ್ಸ್. ಎಪ್ಪತ್ತು ದಾಟಿದ ಅಂಗಡಿ ಯಜಮಾನ. ಮನೆಯೊಳಗೂ ಟೋಪಿ ತೆಗೆಯದವನು. “ಬೀಗದಕೈ ಇರೋದೇ ಎರಡು. ಒಂದು ನನ್ನ ಜೇಬಲ್ಲಿದೆ. ಇನ್ನೊಂದು...”

ಮಾತು ಮುಗಿಸದೆ ಚಾವಣಿಯತ್ತ ನೋಡಿದ. ಮೇಲಿನ ಮಹಡಿಯಲ್ಲಿ ಡೆರಿಕ್ ಸಾಲ್ಟ್ ಹಲಗೆ ಕಳಚುವ ಸದ್ದು ಕೇಳುತ್ತಿತ್ತು. ಅಂಗಡಿಯ ಒಬ್ಬನೇ ನೌಕರ. ಹುಡುಗನಾಗಿ ಸೇರಿದವನು ಈಗ ತಲೆ ನರೆತು, ಓದಲು ಎರಡು ಕನ್ನಡಕ ಬದಲಿಸುವ ವಯಸ್ಸಿಗೆ ಬಂದಿದ್ದ.

“ಹನ್ನೊಂದಕ್ಕೆ ಪೊಲೀಸಿನವರು ಬರ್ತಾರೆ. ಅನುಮಾನ ಯಾರ ಮೇಲೆ ಅಂತ ಕೇಳೇ ಕೇಳ್ತಾರೆ. ನನ್ನ ಬಾಯಿಂದ ಅವನ ಹೆಸರು ಬರೋ ಮುಂಚೆ ಬೇರೆ ಯಾವ್ದಾದ್ರೂ ಹೆಸರು ಹುಡುಕಿಕೊಡೆ, ಬೆರಿಲ್. ನಿನ್ನ ಕಾಲಿಗೆ ಬೀಳ್ತೀನಿ.”

“ಬಿದ್ರೆ ಏಳೋಕಾಗಲ್ಲ ನಿನಗೆ. ಸುಮ್ನಿರು.”

ಊರಿನ ಲೈಬ್ರರಿಯಲ್ಲಿ ರೆಕಾರ್ಡು ಎರವಲು ಕೊಡುವ ವಿಭಾಗವನ್ನು ಬೆರಿಲ್ ನಿವೃತ್ತಿಯವರೆಗೂ ನೋಡಿಕೊಂಡಿದ್ದಳು. ವಾಪಸು ಬಂದ ಪ್ರತಿಯೊಂದು ತಟ್ಟೆಯನ್ನೂ ದೀಪದ ಕೆಳಗೆ ಓರೆ ಹಿಡಿದು, ಯಾವ ಗೀರು ಹಳೆಯದು, ಯಾವುದು ಹೊಸದು, ಯಾವ ಮನೆಯ ಮಗು ಜ್ಯಾಮಿನ ಬೆರಳು ಇಟ್ಟಿದೆ ಎಂದು ಹೇಳುತ್ತಿದ್ದಳು. ಆಮೇಲೆ ಆ ವಿಭಾಗ ಮುಚ್ಚಿತು. ರೆಕಾರ್ಡುಗಳನ್ನು ಬಟ್ಟೆ ಒಗೆಯುವ ಬುಟ್ಟಿಗಳಲ್ಲಿ ತುಂಬಿ ಮಾರಿದರು. ಆದರೆ ಏನಾದರೂ ಕಳೆದುಕೊಂಡವರು ಬೆರಿಲ್ ಮನೆ ಬಾಗಿಲು ತಟ್ಟುವುದು ಮಾತ್ರ ನಿಲ್ಲಲಿಲ್ಲ.

ಬಾಗಿಲ ಗಾಜನ್ನು ಯಾರೋ ಉಂಗುರದಿಂದ ಕುಟ್ಟಿದರು. ಹೊರಗೆ ಕೀತ್ ಮೌಂಟ್‌ಫೋರ್ಡ್ ನಿಂತಿದ್ದ. ಒಂದು ಕಾಲದಲ್ಲಿ ಡಾನ್ಸ್ ಹಾಲುಗಳ ಡಿಜೆ. ಈಗ ಕಂಪ್ಯೂಟರಿನಲ್ಲಿ ಹಳೆಯ ರೆಕಾರ್ಡುಗಳನ್ನು ಜಪಾನಿನವರಿಗೆ ಮಾರುತ್ತಾನೆ. ಹೊಟ್ಟೆ ಕೋಟಿನ ಗುಂಡಿಗಳೊಡನೆ ಜಗಳ ಆಡುತ್ತಿತ್ತು.

“ಏನ್ ಡಕ್, ನಾನೇ ಕದ್ದೆ ಅಂತ ಊರೆಲ್ಲ ಹೇಳ್ತಿದಾರಂತೆ?” ಅಂದ ಒಳಗೆ ಬರುತ್ತಲೇ. ಈ ಊರಿನಲ್ಲಿ ಮೀನು ಮಾರುವವಳಿಂದ ಹಿಡಿದು ಮ್ಯಾಜಿಸ್ಟ್ರೇಟರವರೆಗೆ ಎಲ್ಲರಿಗೂ ಎಲ್ಲರೂ ಡಕ್.

“ಕದ್ದಿದೀಯಾ?” ಅಂದಳು ಬೆರಿಲ್.

“ಕದಿಯೋ ಹಾಗಿದ್ರೆ ಮೂವತ್ತು ವರ್ಷ ಕಾಯ್ತಿದ್ನಾ? ಅದಿರ್ಲಿ, ಚೀಲ ಬಿಟ್ಟು ಹೋಗ್ತಿದ್ನಾ? ರೇ ಟ್ಯಾಮ್ಸ್ ಕೈಯಾರೆ ಬರೆದ ಚೀಲ! ಅದಕ್ಕೇ ಒಬ್ಬ ಗಿರಾಕಿ ಸಿಗ್ತಾನೆ. ಕೊಡ್ತೀಯಾ ನೆವಿಲ್?”

“ಆಚೆ ನಡಿ,” ಅಂದ ನೆವಿಲ್.

“ಹೋಗ್ತೀನಪ್ಪ.” ಕೀತ್ ಕೋಟಿನ ಒಳಗಿಂದ ಒಂದು ಫ್ಲಾಸ್ಕ್ ತೆಗೆದು ಕೌಂಟರಿನ ಮೇಲಿಟ್ಟ. “ಬಟಾಣಿ ಸೂಪು. ಡೆರಿಕ್‌ಗೆ. ಮೇಲ್ಗಡೆ ಹೀಟರ್ ಕೆಟ್ಟಿದೆ ಅಂತ ಹೋದ ವಾರ ಹೇಳಿದ್ದ. ನಾನೇ ಕಳ್ಳ ಅಂದವನು ಅವನೇ ಇರಬೇಕು, ಆದ್ರೂ ಸೂಪು ಬಿಸಿ ಇದೆ.”

ಹೊರಗೆ ಹೋದರೂ ದೂರ ಹೋಗಲಿಲ್ಲ. ಎದುರಿನ ಕಾಲುದಾರಿಯಲ್ಲಿ ಕೈ ಉಜ್ಜಿಕೊಳ್ಳುತ್ತ ನಿಂತ.

ಕೀತ್ ಹೇಳಿದ್ದು ನಿಜ ಅನ್ನಿಸಿತು ಬೆರಿಲ್‌ಗೆ. ಹಣಕ್ಕಾಗಿ ಕದಿಯುವವನು ಚೀಲ ಬಿಡುವುದಿಲ್ಲ. ಈ ರೆಕಾರ್ಡಿನ ಬೆಲೆಯೆಲ್ಲ ರೇ ಎಂಬ ಹೆಸರಿನಲ್ಲೇ ಇತ್ತು.

ರೇ, ನೆವಿಲ್‌ನ ತಮ್ಮ. ಎಪ್ಪತ್ತರ ದಶಕದಲ್ಲಿ ಈ ಸೀಮೆಯ ಹುಡುಗ ಹುಡುಗಿಯರು ಶನಿವಾರ ಬಂತೆಂದರೆ ಬಸ್ಸು ಹಿಡಿದು ಡಾನ್ಸ್ ಹಾಲುಗಳಿಗೆ ಓಡುತ್ತಿದ್ದದ್ದು ರೇ ಹಾಕುವ ಹಾಡುಗಳಿಗಾಗಿ. ಅಮೆರಿಕದಲ್ಲಿ ಯಾರೂ ಕೇಳದೆ ಮೂಲೆ ಸೇರಿದ ಹಾಡುಗಳು. ಬೇರೆ ಯಾರ ಬಳಿಯೂ ಇಲ್ಲದ ಹಾಡು ಯಾವ ಡಿಜೆಯ ಬಳಿ ಇದೆಯೋ ಅವನೇ ದೊರೆ. ಎದುರಾಳಿಗಳ ಕಡೆಯವರು ವೇದಿಕೆಯ ಹತ್ತಿರ ಕತ್ತು ಚಾಚಿ, ತಿರುಗುವ ತಟ್ಟೆಯ ಹೆಸರು ಓದಲು ಹೆಣಗುತ್ತಿದ್ದರು. ಅದಕ್ಕೇ ಡಿಜೆಗಳು ನಿಜವಾದ ಲೇಬಲ್ಲಿನ ಮೇಲೆ ಕಾಗದ ಅಂಟಿಸಿ ಇಲ್ಲದ ಹೆಸರು ಬರೆಯುತ್ತಿದ್ದರು. ಇಡೀ ಸೀಮೆ ಲೋಲಾ ಫ್ರಾಸ್ಟಳ ಹಾಡಿಗೆ ಕುಣಿಯಿತು. ಲೋಲಾ ಫ್ರಾಸ್ಟ್ ಎಂಬವಳು ಹುಟ್ಟಿಯೇ ಇರಲಿಲ್ಲ.

ಎಪ್ಪತ್ತಾರರ ಚಳಿಗಾಲದಲ್ಲಿ ಮಂಜು ಮುಸುಕಿದ ರಸ್ತೆಯಲ್ಲಿ ರೇ ವ್ಯಾನು ಉರಿದುಹೋಯಿತು. ನಿಜವಾದ ಹೆಸರೂ ಅವನ ಜೊತೆಗೇ ಹೋಯಿತು; ಅಂಗಡಿಯಲ್ಲಿ ಬಿಟ್ಟಿದ್ದ ಈ ರೆಕಾರ್ಡು ಮಾತ್ರ ಉಳಿಯಿತು. ನೆವಿಲ್ ಆ ತಟ್ಟೆಯ ಮೇಲೆ ಮತ್ತೆ ಮುಳ್ಳು ಇಡಲು ಯಾರಿಗೂ ಬಿಡಲಿಲ್ಲ. ತಾನೂ ಕೇಳಿದವನಲ್ಲ; ಬ್ಯಾಂಡ್ ವಾದ್ಯದ ಭಕ್ತ, ಡಾನ್ಸ್ ಹಾಲಿನ ಮೆಟ್ಟಿಲನ್ನೇ ತುಳಿದಿರಲಿಲ್ಲ. ಈಗ ಅಂಗಡಿ ಮುಚ್ಚುತ್ತಿದೆ. ಶನಿವಾರ ಮಧ್ಯಾಹ್ನ ಎಲ್ಲರ ಮುಂದೆ ಆ ಹಾಡು ಹಾಕಿ, ಕಾಗದ ಬಿಡಿಸಿ, ನಿಜವಾದ ಹೆಸರು ಓದುತ್ತೇನೆಂದು ಮಾತು ಕೊಟ್ಟಿದ್ದ. ಹಳೆಯ ಡಾನ್ಸಿನವರು ದೂರದೂರದಿಂದ ಹೊರಟಾಗಿತ್ತು.

“ಬಿಸಿ ಓಟ್‌ಕೇಕ್ ರೊಟ್ಟಿ ತರ್ತೀನಿ,” ಅಂದ ನೆವಿಲ್ ಕೋಟು ಹುಡುಕುತ್ತ. “ಪೊಲೀಸಿನವರೂ ತಿಂಡಿ ತಿಂದಿರಲ್ಲ. ಡೆರಿಕ್‌ಗೆ ಚೀಸ್ ಒಂದೇ, ಬೇಕನ್ ಹಾಕ್ಬೇಡಿ ಅಂತ ಹೇಳ್ಬೇಕು. ಅವನ ಹೊಟ್ಟೆಗೆ ಆಗಲ್ಲ.”

ಬಾಗಿಲವರೆಗೆ ಹೋದವನು ತಾನು ಏನು ಅಂದೆ ಎಂದು ಹೊಳೆದು ನಿಂತ. ಏನೋ ಹೇಳಲು ಹೋಗಿ, ಟೋಪಿ ಸರಿಮಾಡಿಕೊಂಡು ಹೊರಟುಹೋದ.

ಅಂಗಡಿಯಲ್ಲಿ ಬೆರಿಲ್ ಒಬ್ಬಳೇ ಉಳಿದಳು.

ಗೂಡುಗಳಲ್ಲಿ ರಟ್ಟಿನ ಹೊದಿಕೆಗಳು ಸಾಲಾಗಿ ನಿಂತಿದ್ದವು. ಎಲ್ಲ ಖಾಲಿ; ತಟ್ಟೆಗಳು ಕೌಂಟರಿನ ಹಿಂದೆ ಕಂದು ಚೀಲಗಳಲ್ಲಿ ಇರುವುದು ಅಂಗಡಿಯ ಹಳೆಯ ಪದ್ಧತಿ. ಹೊಸಬ ಯಾರಾದರೂ ಹೊದಿಕೆ ಕದ್ದು ಓಡಿದರೆ, ಮರುದಿನ ನೆವಿಲ್ ಅವನಿಗಾಗಿ ತಟ್ಟೆ ತೆಗೆದಿಟ್ಟು ಕಾಯುತ್ತಿದ್ದ. “ರಟ್ಟು ತೊಗೊಂಡು ಹೋದೆ, ಹಾಡು ಬೇಡ್ವಾ ಡಕ್?” ಎಂದು ಕೇಳುತ್ತಿದ್ದ. ಹಾಗೆ ಕೇಳಿಸಿಕೊಂಡವರಲ್ಲಿ ಇಬ್ಬರು ಸಾಯುವವರೆಗೂ ಅವನ ಗಿರಾಕಿಗಳಾಗಿದ್ದರು.

ಶುಕ್ರವಾರ ಸಂಜೆ ಈ ಜಾಗದಲ್ಲಿ ಕಾಲಿಡಲು ಆಗುತ್ತಿರಲಿಲ್ಲ. ಪಿಂಗಾಣಿ ಕಾರ್ಖಾನೆಯ ಹುಡುಗಿಯರು ಕೂದಲಲ್ಲಿ ಜೇಡಿಯ ಬಿಳಿ ಪುಡಿ ಹೊತ್ತೇ ಬರುತ್ತಿದ್ದರು. ಒಬ್ಬಳು ಕೊಂಡರೆ ನಾಲ್ವರು ಕೇಳುವರು. ಬಸ್ ಓಡಿಸುವ ದಡೂತಿ ಗಂಡಸರು ಕೌಂಟರಿಗೆ ಬಾಗಿ, ಕಿವಿ ಕೆಂಪಗೆ ಮಾಡಿಕೊಂಡು, “ಹೆಸರು ಗೊತ್ತಿಲ್ಲ, ಹಿಂಗೆ ಹೋಗತ್ತೆ,” ಎಂದು ಗುನುಗುವರು. ಅಪಸ್ವರದಲ್ಲಿ ಗುನುಗಿದ್ದನ್ನೂ ಡೆರಿಕ್ ಹಿಡಿದುಬಿಡುತ್ತಿದ್ದ. ಹಿಡಿದದ್ದೇ ತಡ, ಅವರ ಮುಖ ನೋಡಬೇಕಿತ್ತು.

ಆಮೇಲೆ ಹಾಡುಗಳು ಸಣ್ಣ ಬೆಳ್ಳಿ ಬಣ್ಣದ ಸೀಡಿ ತಟ್ಟೆಗಳಾದವು. ಸೂಪರ್‌ಮಾರ್ಕೆಟ್ಟಿನಲ್ಲಿ ಬ್ರೆಡ್ಡಿನ ಪಕ್ಕ ಕೂತವು, ಬ್ರೆಡ್ಡಿನಷ್ಟೇ ಅಗ್ಗವಾದವು. ಈಗ ಆ ತಟ್ಟೆಯೂ ಬೇಕಿಲ್ಲ. ಹಾಸಿಗೆಯ ಮೇಲೆ ಕೂತು ಗುಂಡಿ ಒತ್ತಿದರೆ ಹಾಡು ಬಂದು ಬೀಳುತ್ತದೆ. ಹಾಡು ಕೊಳ್ಳಲು ಕೋಟು ಹಾಕಬೇಕಿಲ್ಲ, ಮಳೆಯಲ್ಲಿ ಬಸ್ಸು ಕಾಯಬೇಕಿಲ್ಲ, ಯಾರ ಮುಂದೆಯೂ ಗುನುಗಿ ನಾಚಬೇಕಿಲ್ಲ. ಹೋದ ತಿಂಗಳು ಒಬ್ಬ ಹುಡುಗಿ ಬಂದು ಗೋಡೆಯ ಮೇಲಿನ ಹೊದಿಕೆಗಳ ಫೋಟೋ ತೆಗೆದುಕೊಂಡಳು. ಎಷ್ಟು ಚೆಂದದ ಅಂಗಡಿ ಅಂದಳು, ಮನೆಗೆ ಹೋಗಿ ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇನೆ ಅಂದಳು. ನೆವಿಲ್ ಅವಳಿಗಾಗಿ ಬಾಗಿಲು ಹಿಡಿದು ನಿಂತಿದ್ದ.

ಬೆರಿಲ್ ಫ್ಲಾಸ್ಕ್ ಎತ್ತಿಕೊಂಡು ಮೆಟ್ಟಿಲು ಹತ್ತಿದಳು.

ಮಹಡಿಯ ಮೇಲೆ ಒಂದು ಕಾಲದಲ್ಲಿ ಹಾಡು ಕೇಳುವ ಬೂತುಗಳ ಸಾಲಿತ್ತು. ಕೊಳ್ಳುವ ಮುಂಚೆ ಒಳಗೆ ನಿಂತು ಕೇಳಬಹುದಿತ್ತು, ಕೊಳ್ಳದೆಯೂ ಕೇಳಬಹುದಿತ್ತು. ಈ ಊರಿನ ಅರ್ಧ ಮದುವೆಗಳು ಅಲ್ಲೇ ನಿಶ್ಚಯವಾದದ್ದು. ಡೆರಿಕ್ ಉಳಿದವನ್ನೆಲ್ಲ ಕಳಚಿ ಗೋಡೆಗೆ ಒರಗಿಸಿದ್ದ. ಒಂದು ಬೂತು ಮಾತ್ರ ಹಾಗೇ ನಿಂತಿತ್ತು.

“ಕೀತ್ ಸೂಪು ಕೊಟ್ಟಿದಾನೆ. ನಿನ್ನನ್ನ ಬೈದೂ ಹೋದ.”

“ಎರಡೂ ಅವನ ಪದ್ಧತಿನೇ ಮಿಸ್,” ಅಂದ ಡೆರಿಕ್. ಚಡ್ಡಿ ಹಾಕುವ ವಯಸ್ಸಿನಲ್ಲಿ ಲೈಬ್ರರಿಗೆ ಬರುತ್ತಿದ್ದವನು ಬೆರಿಲ್‌ಳನ್ನು ಇವತ್ತಿಗೂ ಮಿಸ್ ಅನ್ನುತ್ತಿದ್ದ. ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು ಬೆಚ್ಚಗಾದ.

“ಈ ಬೂತು ಯಾಕೆ ಉಳಿಸಿದೀಯ?”

“ಶನಿವಾರಕ್ಕೆ. ಇದರ ಟರ್ನ್‌ಟೇಬಲ್ ಒಂದೇ ಈಗ ಓಡೋದು. ಬಾಗಿಲ ಮೇಲಿನ ಸ್ಪೀಕರಿಗೆ ವೈರ್ ಎಳೆದಿದೀನಿ. ಬೀದೀಲಿ ನಿಂತವರಿಗೂ ಕೇಳ್ಲಿ ಅಂತ ನೆವಿಲ್ ಹೇಳಿದ್ದ.” ನಿಲ್ಲಿಸಿ, ಮೆಲ್ಲಗೆ ಸೇರಿಸಿದ: “ರೆಕಾರ್ಡೇ ಇಲ್ವಲ್ಲ ಇನ್ನೇನು.”

“ನಿಜ. ರೆಕಾರ್ಡೇ ಇಲ್ಲ. ಆದ್ರೂ ವೈರ್ ಕಳಚಿಲ್ಲ ನೀನು.”

ಡೆರಿಕ್ ಸೂಪಿನ ಮುಚ್ಚಳ ತಿರುಗಿಸಿದ. ಅದು ಬಿಚ್ಚಿಕೊಳ್ಳಲಿಲ್ಲ.

“ಡೆರಿಕ್, ನಾನು ಎರಡು ದಿನದಿಂದ ತಪ್ಪು ಪ್ರಶ್ನೆ ಕೇಳ್ಕೋತಿದ್ದೆ. ಆ ರೆಕಾರ್ಡು ಯಾರಿಗೆ ಬೇಕು ಅಂತ. ಬೇಕಾದವರು ಯಾವತ್ತು ಬೇಕಾದ್ರೂ ಕದೀಬಹುದಿತ್ತು. ಈ ವಾರವೇ ಯಾಕೆ? ಯಾಕಂದ್ರೆ ರೆಕಾರ್ಡು ಬೇಕಾಗಿರಲಿಲ್ಲ. ಶನಿವಾರ ಬೇಡವಾಗಿತ್ತು.”

ಅವನು ಮತ್ತೊಮ್ಮೆ ಮುಚ್ಚಳ ತಿರುಗಿಸಿದ.

“ಚೀಲ ಯಾಕೆ ಬಿಟ್ಟ ಅಂತ ಈಗ ಗೊತ್ತಾಯ್ತು. ಚೀಲದ ಸಮೇತ ಇಟ್ರೆ ಅಂಚು ಆಚೆ ಕಾಣೋ ಅಷ್ಟು ಪುಟ್ಟ ಜಾಗದಲ್ಲಿದೆ ಅದು.” ಬೆರಿಲ್ ಬೂತಿನೊಳಕ್ಕೆ ಬಾಗಿದಳು. ಟರ್ನ್‌ಟೇಬಲ್ಲಿನ ಮೇಲೆ ದಪ್ಪ ರಬ್ಬರಿನ ಹಾಸು. ಹಾಸು ನಡುವೆ ಉಬ್ಬಿತ್ತು, ಮೆತ್ತೆಯ ಕೆಳಗೆ ಪುಸ್ತಕ ಇಟ್ಟು ಮಲಗಿದವರ ಹಾಸಿಗೆಯಂತೆ. “ನಾನು ತೆಗೀಲಾ, ನೀನೇ ತೆಗೀತೀಯಾ?”

ಡೆರಿಕ್ ಫ್ಲಾಸ್ಕ್ ಕೆಳಗಿಟ್ಟ. ಹಾಸಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಹೊಸ ಕಾಗದದಲ್ಲಿ ಸುತ್ತಿದ್ದ ಪುಟ್ಟ ಕಪ್ಪು ತಟ್ಟೆಯನ್ನು ಹೊರತೆಗೆದ. ಎಳೆಗೂಸನ್ನು ಕೊಡುವಂತೆ ಬೆರಿಲ್ ಕೈಗಿಟ್ಟ.

“ಹೊಸ್ತಿಲು ದಾಟಿಸಿಲ್ಲ ಮಿಸ್. ದಾಟಿಸಿದ್ರೆ ಕಳ್ಳತನ. ಭಾನುವಾರ ವಾಪಸ್ ಚೀಲಕ್ಕೇ ಹಾಕ್ತಿದ್ದೆ.”

“ಅಷ್ಟರಲ್ಲಿ ನಿನ್ನ ಹೆಸರು ಪೊಲೀಸ್ ಸ್ಟೇಷನ್ನಲ್ಲಿ ಇರ್ತಿತ್ತಲ್ಲೋ, ದಡ್ಡ.”

“ಇರ್ಲಿ ಬಿಡಿ.”

“ಇರ್ಲಿ ಬಿಡಿ ಅಂದ್ರೆ? ಅವನು ಅಲ್ಲಿ ನಿನಗೆ ಬೇಕನ್ ಇಲ್ಲದ ಓಟ್‌ಕೇಕ್ ತರೋಕೆ ಹೋಗಿದಾನೆ. ಬಂದು ನಿನ್ನ ಹೆಸರು ಬರೆಸ್ತಾನೆ. ಅದಾದ ಮೇಲೆ ಅವನಿಗೆ ಅನ್ನ ಇಳಿಯತ್ತಾ?”

ಡೆರಿಕ್ ಕಳಚಿದ ಹಲಗೆಗಳ ಮೇಲೆ ಕೂತುಬಿಟ್ಟ.

“ನಾನು ಕಳ್ಳ ಅಂದ್ಕೊಂಡ್ರೆ ನೆವಿಲ್ ಒಂದಷ್ಟು ದಿನ ಬೈಕೋತಾನೆ. ತಮ್ಮ ಸುಳ್ಳುಗಾರ ಅಂತ ಗೊತ್ತಾದ್ರೆ ಇರೋವರೆಗೂ ಕೊರಗ್ತಾನೆ. ಅದೂ ಊರವರ ಮುಂದೆ, ಅವನ ಬಾಯಿಂದಾನೇ ಓದಿಸಿ!”

“ಸುಳ್ಳುಗಾರನಾ? ರೇನಾ?”

“ರೇ ಸತ್ತ ಚಳಿಗಾಲದಲ್ಲಿ ನಾನಿಲ್ಲಿ ಹೊಸಬ. ಒಂದಿನ ನೆವಿಲ್ ಇಲ್ಲದಾಗ ಕೆಟಲ್ ಹಚ್ಚಿದೆ. ಆವಿ ಹಿಡಿದು ಮೇಲಿನ ಕಾಗದ ಬಿಡಿಸಿದೆ. ಹುಡುಗಾಟ ಮಿಸ್, ಬೇರೇನಲ್ಲ. ಒಳಗೆ ಹಸಿರು ಲೇಬಲ್ ಇತ್ತು. ದಿ ಮಾರ್ಲೆನ್ಸ್ ಅಂತ, ಅಮೆರಿಕದ ಮೂವರು ಹುಡುಗಿಯರ ಗುಂಪು. ಆ ರೆಕಾರ್ಡು ಎಲ್ಲಿತ್ತು ಗೊತ್ತಾ? ಇದೇ ಅಂಗಡೀಲಿ. ಬಾಗಿಲ ಹತ್ರದ ಅಗ್ಗದ ಡಬ್ಬದಲ್ಲಿ. ಯಾರೂ ಮುಟ್ಟದೆ ಮೂಲೇಲಿ ಕೊಳೀತಿದ್ದ ಮಾಲು. ಜಗತ್ತಲ್ಲಿ ನನ್ನೊಬ್ಬನ ಹತ್ರ ಇದೆ ಅಂತ ಮೆರೆದ ಹಾಡು, ಅಣ್ಣನ ಕಸದ ಡಬ್ಬದ್ದು.”

“ಹಾಕಿ ಕೇಳಿದೆಯಾ?”

“ಅಯ್ಯೋ ಇಲ್ಲ. ಮುಳ್ಳು ಇಡಬಾರದು ಅಂತ ನೆವಿಲ್ ಹೇಳಿದ್ದನಲ್ಲ. ಕಾಗದಾನ ಮತ್ತೆ ಅಂಟಿಸಿಟ್ಟೆ, ಡಬ್ಬದಲ್ಲಿದ್ದ ಅಂಥದ್ದೇ ಇನ್ನೊಂದನ್ನ ಒಡೆದು ಕಾಲುವೆಗೆ ಹಾಕಿದೆ, ಯಾರ ಕಣ್ಣಿಗೂ ಬೀಳದಿರ್ಲಿ ಅಂತ.”

“ಡಾನ್ಸ್ ಹಾಲಲ್ಲಾದ್ರೂ ಕೇಳಿರಬೇಕಲ್ಲ ನೀನು.”

“ಶನಿವಾರ ರಾತ್ರಿ ಅಮ್ಮನ ಜೊತೆ ಇರಬೇಕಿತ್ತು. ಪಿಂಗಾಣಿ ಧೂಳು ಕುಡಿದ ಎದೆ. ಮಲಗಿದ್ರೆ ಉಸಿರು ಕಟ್ತಿತ್ತು, ಕೂರಿಸಿಕೊಂಡೇ ಇರಬೇಕಿತ್ತು.”

ಬೆರಿಲ್ ಫ್ಲಾಸ್ಕಿನ ಮುಚ್ಚಳ ತಾನೇ ಬಿಚ್ಚಿ, ಸೂಪು ಬಗ್ಗಿಸಿ ಅವನ ಕೈಗೆ ಕೊಟ್ಟಳು. ಮೂವತ್ತಕ್ಕೂ ಹೆಚ್ಚು ವರ್ಷ ಒಬ್ಬ ಮನುಷ್ಯ ಇನ್ನೊಬ್ಬನ ತಮ್ಮನ ಮಾನ ಕಾದಿದ್ದಾನೆ, ಯಾರಿಂದಲೂ ಒಂದು ಥ್ಯಾಂಕ್ಸ್ ಕೇಳದೆ. ಎಂಥ ಪೆದ್ದು ಒಳ್ಳೆಯತನ ಅನ್ನಿಸಿತು. ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡಳು.

ಆಮೇಲೆ ಕೈ ತನ್ನಷ್ಟಕ್ಕೆ ಹಳೆಯ ಕೆಲಸಕ್ಕೆ ಇಳಿಯಿತು. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದಳು.

ಹಾಡಿನ ಗೆರೆಗಳು ಮುಗಿದ ಮೇಲೆ, ಲೇಬಲ್ಲಿನ ಸುತ್ತ ಒಂದು ಬೋಳು ಪಟ್ಟಿ ಇರುತ್ತದೆ. ಕಂಪನಿಯವರು ಅಲ್ಲಿ ಲೇಬಲ್ಲಿನ ಸಂಖ್ಯೆಯನ್ನೇ ಇನ್ನೊಮ್ಮೆ ಕೊರೆದಿರುತ್ತಾರೆ. ಲೈಬ್ರರಿಯಲ್ಲಿ ಅವಳು ಮೊದಲು ನೋಡುತ್ತಿದ್ದದ್ದು ಅದನ್ನೇ. ಲೇಬಲ್ ಸುಳ್ಳು ಹೇಳಬಹುದು, ಕೊರೆದದ್ದು ಹೇಳುವುದಿಲ್ಲ.

“ಡೆರಿಕ್, ಇದು ಕಂಪನಿಯ ಮಾಲೇ ಅಲ್ಲ.”

“ಏನಂದ್ರಿ?”

“ಇಲ್ಲಿ ಸಂಖ್ಯೆ ಇಲ್ಲ. ಯಾರೋ ಸೂಜೀಲಿ ಕೈಯಾರೆ ಗೀಚಿದಾರೆ. ಮಾರ್ಚ್, ಎಪ್ಪತ್ತೈದು. ಅಷ್ಟೇ.” ಹೆಬ್ಬೆರಳಿನಿಂದ ಲೇಬಲ್ಲಿನ ಅಂಚು ಸವರಿದಳು. “ಆ ಡಬ್ಬದಿಂದ ರೇ ಒಂದು ರೆಕಾರ್ಡು ತೊಗೊಂಡಿದಾನೆ ಕಣೋ. ಅದರ ಹಸಿರು ಲೇಬಲ್ ಬಿಡಿಸಿ ಇದರ ಮೇಲೆ ಅಂಟಿಸಿದಾನೆ. ಅದರ ಮೇಲೆ ಲೋಲಾ ಫ್ರಾಸ್ಟ್. ಆವಿ ಹಿಡಿಯೋ ಹುಡುಗ ಒಬ್ಬ ಬಂದೇ ಬರ್ತಾನೆ ಅಂತ ಅವನಿಗೆ ಗೊತ್ತಿತ್ತು.”

“ಹಾಗಾದ್ರೆ... ಒಳಗಿರೋದು ಮಾರ್ಲೆನ್ಸ್ ಅಲ್ವಾ?”

“ಮುಳ್ಳಿಟ್ರೆ ಗೊತ್ತಾಗತ್ತೆ.”

“ನೆವಿಲ್...”

“ನೆವಿಲ್ ಬೈದ್ರೆ ನನಗೆ ಬೈಲಿ.”

ಡೆರಿಕ್ ಪ್ಯಾಂಟಿಗೆ ಕೈ ಒರೆಸಿಕೊಂಡು ತಟ್ಟೆಯನ್ನು ಕೂರಿಸಿದ. ಮುಳ್ಳು ಇಳಿಯಿತು. ಚರಚರ ಸದ್ದಿನ ಹಿಂದೆ, ಕೋಣೆಯ ಆಚೆ ಮೂಲೆಯಿಂದ ಬಂದಂತೆ, ಒಂದು ಹೆಂಗಸಿನ ದನಿ ಮೆಲ್ಲಗೆ ಕೇಳಿತು: “ರೆಡಿನಾ, ಡಕ್?”

ಆಮೇಲೆ ಪಿಯಾನೊ. ಆಮೇಲೆ ಹಾಡು.

ಡೆರಿಕ್ ಬೆರಿಲ್ ಮುಖ ನೋಡಿದ. ಬೆರಿಲ್ ಅವನ ಮುಖ ನೋಡಿದಳು. ಅಮೆರಿಕದ ಯಾವ ಹುಡುಗಿಯೂ ಯಾರನ್ನೂ ಡಕ್ ಎಂದು ಕರೆಯುವುದಿಲ್ಲ. ಸಾವಿರ ಜನರ ಕಾಲು ಸದ್ದಿನಲ್ಲಿ ಆ ಎರಡು ಮಾತು ಯಾರಿಗೂ ಕೇಳಿಸಿರಲಿಲ್ಲ.

ಹಾಡು ಅಮೆರಿಕದ ಹಾಡಿನ ನಡಿಗೆಯಲ್ಲೇ ನಡೆಯಿತು. ಆದರೆ ದನಿ ಈ ಬೀದಿಗಳದ್ದು. ಯಾರನ್ನೋ ಕಾಯುತ್ತ ನಿಂತವಳು, ಕಾಯುತ್ತಿಲ್ಲವೆಂದು ತೋರಿಸಿಕೊಳ್ಳಲು ಹಾಡಿದಂತಿತ್ತು. ಈ ದನಿಯನ್ನು ಎಲ್ಲೋ ಕೇಳಿದ್ದೇನೆ ಅನ್ನಿಸಿತು ಬೆರಿಲ್‌ಗೆ, ಹಾಡಿನಲ್ಲಲ್ಲ, ಮಾತಿನಲ್ಲಿ. ನೆನಪು ತುಟಿಯವರೆಗೆ ಬಂದು ನಿಂತಿತು.

ಕಿಟಕಿಯ ಹೊರಗೆ ಏನೋ ಅಲ್ಲಾಡಿತು. ಅವಳು ಕೆಳಗೆ ನೋಡಿದಳು.

ಎದುರಿನ ಕಾಲುದಾರಿಯಲ್ಲಿ ಕೀತ್ ಕಣ್ಣು ಮುಚ್ಚಿ ನಿಂತಿದ್ದ. ಅಷ್ಟು ದೊಡ್ಡ ಹೊಟ್ಟೆಯ ಕೆಳಗೆ ಅವನ ಕಾಲುಗಳು ಎಡಕ್ಕೆ ಜಾರಿದವು, ಬಲಕ್ಕೆ ಜಾರಿದವು, ಹಗುರವಾಗಿ, ಅವನ ಅಪ್ಪಣೆ ಕೇಳದೆ. ಕೆನ್ನೆ ಒದ್ದೆಯಾಗಿತ್ತು. ಶಾಪಿಂಗ್ ಚೀಲ ಹಿಡಿದ ಇಬ್ಬರು ಹೆಂಗಸರು ನಗದೆ, ಅವನಿಗೆ ಜಾಗ ಬಿಟ್ಟು ಸುತ್ತಿ ಹೋದರು.

“ಅಯ್ಯೋ, ಸ್ಪೀಕರ್!” ಅಂದ ಡೆರಿಕ್. ಗುಂಡಿಯತ್ತ ಕೈ ಚಾಚಿದ.

ಬೆರಿಲ್ ಅವನ ತೋಳು ಹಿಡಿದಳು. ಕೀತ್‌ನಿಂದ ಸ್ವಲ್ಪ ಆಚೆ, ನಡುಬೀದಿಯಲ್ಲಿ ನೆವಿಲ್ ನಿಂತಿದ್ದ. ಕೈಯಲ್ಲಿ ಓಟ್‌ಕೇಕಿನ ಪೊಟ್ಟಣ. ಹಿಂದೆ ಬಂದ ಕಾರು ಹಾರ್ನ್ ಮಾಡುತ್ತಿತ್ತು, ಅವನಿಗೆ ಕೇಳಿಸುತ್ತಿರಲಿಲ್ಲ. ಯಾವತ್ತೂ ತೆಗೆಯದ ಟೋಪಿಯನ್ನು ತೆಗೆದು ಎದೆಗೆ ಒತ್ತಿ ಹಿಡಿದಿದ್ದ.

ಮರುಕ್ಷಣ ಬಾಗಿಲ ಗಂಟೆ ಕಿಣಿಗುಟ್ಟಿತು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು, ಆ ವಯಸ್ಸಿಗೆ ಹತ್ತಬಾರದಷ್ಟು ಬೇಗ.

“ಎಲ್ಲಿ ಕೂರ್ಸಿದೀರಿ?” ಅಂದ ನೆವಿಲ್, ಏದುಸಿರಿನಲ್ಲಿ. ಖಾಲಿ ಕೋಣೆಯ ಮೂಲೆ ಮೂಲೆ ನೋಡಿದ. “ಶೀಲಾ ಎಲ್ಲಿ? ಯಾವಾಗ ಬಂದ್ಲು?”

ಆಗ ಬೆರಿಲ್‌ಗೆ ನೆನಪಾಯಿತು. ಮೆಟ್ಟಿಲ ಮೇಲಿಂದ ಬಾಗಿ, ‘ಎರಡನೇ ಬೂತು ಖಾಲಿ ಇದೆ, ಬನ್ನಿ ಡಕ್’ ಎಂದು ಕೂಗುತ್ತಿದ್ದ ದನಿ. ಶೀಲಾ, ನೆವಿಲ್‌ನ ಹೆಂಡತಿ. ಎಪ್ಪತ್ತನಾಲ್ಕರ ಅಕ್ಟೋಬರಿನ ಒಂದು ಸೋಮವಾರ ಬೂತುಗಳ ಧೂಳು ಒರೆಸಿ, ಕೋಟು ಹಾಕಿಕೊಂಡು ಹೊರಗೆ ಹೋದವಳು ತಿರುಗಿ ಬರಲಿಲ್ಲ. ಒಂದು ಕಾಗದವಿಲ್ಲ, ಒಂದು ಸುದ್ದಿಯಿಲ್ಲ. ಊರು ಒಂದೆರಡು ವರ್ಷ ಮಾತಾಡಿತು, ಆಮೇಲೆ ನೆವಿಲ್‌ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಿತು.

“ಕೂತ್ಕೋ ನೆವಿಲ್,” ಅಂದಳು ಬೆರಿಲ್. “ಇಲ್ಲಿ ಯಾರೂ ಇಲ್ಲ. ಇದು ರೇ ರೆಕಾರ್ಡು.”

“ನಾನೇ ತೆಗೆದಿಟ್ಟಿದ್ದೆ,” ಅಂದ ಡೆರಿಕ್. “ನಾನೇ ಕಣೋ. ಬೇಕಾದ್ದು ಮಾಡು.”

ನೆವಿಲ್ ಅವನ ಭುಜ ಹಿಡಿದುಕೊಂಡ. ಬೈಯಲು ಅಲ್ಲ, ಬೀಳದಿರಲು. ಹಾಡು ಮುಗಿಯುವವರೆಗೆ ಹಾಗೇ ನಿಂತಿದ್ದ.

“ಯಾವಾಗಿನದು?”

ಕನ್ನಡಕ ಇಲ್ಲದೆ ಓದಲು ಆಗುವುದಿಲ್ಲ ಎಂದು ಬೆರಿಲ್ ಹೇಳಬಹುದಿತ್ತು. ಆದರೆ ಕನ್ನಡಕ ಮೂಗಿನ ಮೇಲೇ ಇತ್ತು. ಲೈಬ್ರರಿಯಲ್ಲಿ ಅಳುವ ಮಕ್ಕಳಿಗೆ ಗೀರು ಹಳೆಯದು ಕಣೋ ಎಂದು ಬೆರಿಲ್ ಎಷ್ಟೋ ಸಲ ಸುಳ್ಳು ಹೇಳಿದ್ದಳು. ಇದು ಅಂಥ ಗೀರಲ್ಲ.

“ಎಪ್ಪತ್ತೈದು. ಮಾರ್ಚ್.”

ನೆವಿಲ್ ತಲೆಯಾಡಿಸಿದ, ಅಂಗಡಿಗೆ ಬಂದ ಮಾಲಿನ ವಿವರ ಕೇಳಿದವನಂತೆ.

“ಅವಳು ಇದನ್ನ ಹಾಡಿದ ಮಾರ್ಚಲ್ಲೇ,” ಅಂದ, “ರೇ ನನ್ನ ಜೊತೆ ಕೆಳಗೆ ಕೌಂಟರಲ್ಲಿ ಕೂತು ಪೇಪರಿಗೆ ಜಾಹೀರಾತು ಬರೀತಿದ್ದ. ಶೀಲಾನ ಕಂಡವರು ದಯವಿಟ್ಟು ತಿಳಿಸಿ ಅಂತ. ನನಗೆ ಅವಳ ಹೆಸರೇ ಬರೆಯೋಕಾಗ್ಲಿಲ್ಲ ಅಂತ ಪೆನ್ನು ಅವನೇ ಇಸ್ಕೊಂಡ.”

ಕೆಳಗೆ ಮತ್ತೆ ಗಂಟೆ ಕಿಣಿಗುಟ್ಟಿತು. “ಯಾರಾದ್ರೂ ಇದೀರಾ? ಪೊಲೀಸ್!” ಎಳೆಯ ದನಿ. ಕಾಲೊರಸಿನ ಮೇಲೆ ಬೂಟು ಉಜ್ಜಿಕೊಂಡು ಹುಡುಗಿಯೊಬ್ಬಳು ಮೇಲೆ ಬಂದಳು. ಕಾನ್‌ಸ್ಟೇಬಲ್ ಉಡುಪು ಇನ್ನೂ ಮಡಿಕೆ ಬಿಟ್ಟಿರಲಿಲ್ಲ. ಮೂವರ ಮುಖ ನೋಡಿ ಹ್ಯಾಟು ತೆಗೆದಳು.

“ಕಳ್ಳತನ ಅಂತ ಫೋನ್ ಮಾಡಿದ್ರಂತೆ. ಯಾರ ಮೇಲಾದ್ರೂ ಅನುಮಾನ ಇದೆಯಾ ಸರ್?”

ಡೆರಿಕ್ ಒಂದು ಹೆಜ್ಜೆ ಮುಂದಿಟ್ಟ. ನೆವಿಲ್ ಅವನ ಭುಜದ ಮೇಲಿನ ಕೈ ತೆಗೆಯಲಿಲ್ಲ, ಹಿಂದಕ್ಕೆ ಎಳೆದುಕೊಂಡ.

“ಇದೆಯಮ್ಮ. ಆದ್ರೆ ಕಳ್ಳತನ ಅಲ್ಲ. ನನ್ನ ಹೆಂಡತಿ ಕಾಣೆಯಾಗಿದಾಳೆ. ಬರ್ಕೊ. ರೇಮಂಡ್ ಟ್ಯಾಮ್ಸ್. ನನ್ನ ತಮ್ಮ.”

“ಅವರು ಈಗ ಎಲ್ಲಿ ಸಿಗ್ತಾರೆ ಸರ್?”

ನೆವಿಲ್ ಟೋಪಿಯನ್ನು ಕೈಯಲ್ಲೇ ತಿರುಗಿಸಿದ.

“ಚರ್ಚಿನ ಹಿಂದೆ ಹೂತಿದೀವಿ,” ಅಂದ. “ಪೆಟ್ಟಿಗೆ ಮುಚ್ಚೇ ಬಂದಿತ್ತು, ತೆಗೀಬೇಡಿ ಅಂದ್ರು. ಒಳಗಿದ್ದದ್ದು ಯಾರು ಅಂತ ನಾನಂತೂ ನೋಡಲಿಲ್ಲ.”